ಸಮನ್ವಯ ಶಿಕ್ಷಣದ ಮೇಷ್ಟ್ರು: ಮಂಡ್ಯ ಸೀಮೆಯಿಂದ ಒಂದು ನೋಟ

ಅಂಗವಿಕಲ ಮಕ್ಕಳನ್ನು ಊರ ಶಾಲೆಯಲ್ಲೇ, ಉಳಿದ ಮಕ್ಕಳ ಜೊತೆಯಲ್ಲೇ ಓದಿಸಬೇಕೆಂಬ ಸಮನ್ವಯ ಶಿಕ್ಷಣದ ವಿಚಾರ 2020ರ ಶಿಕ್ಷಣ ನೀತಿಯ ಕೊಡುಗೆ ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿಯ ನಿವೃತ್ತ ಮೇಷ್ಟ್ರುಗಳ ಮುಂದೆ ಈ ಮಾತು ಹೇಳಿದರೆ ನಕ್ಕಾರು. ಎರಡು ದಶಕ ಮೊದಲೇ ಈ ವಿಚಾರವನ್ನು ಒಳಗೊಂಡಿದ್ದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಕರ್ನಾಟಕಕ್ಕೆ ಕಾಲಿಟ್ಟಾಗ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕೇ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಬೆಳಗಾವಿ, ಕೋಲಾರ, ರಾಯಚೂರು ಉಳಿದ ಮೂರು.

ಅದಕ್ಕೂ ಹಿಂದಿನದನ್ನು ಬೇಗ ಹೇಳಿ ಮುಗಿಸಬಹುದು. ಕಿವುಡ ಮತ್ತು ಅಂಧ ಮಕ್ಕಳಿಗೆಂದು ಮೈಸೂರಿನಲ್ಲಿ 1901ರಲ್ಲೇ ಶಾಲೆ ಆರಂಭವಾಗಿತ್ತು. 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು, 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿಗೇ ಬಂದವು. ಸಾಮಾನ್ಯ ಶಾಲೆಗಳಲ್ಲಿ ಇಂಥ ಮಕ್ಕಳ ಓದಿಗೆ ಕೇಂದ್ರ ಸರ್ಕಾರ 1974ರಲ್ಲಿ ಯೋಜನೆ ರೂಪಿಸಿತು. 1987ರಲ್ಲಿ ಯುನಿಸೆಫ್ ನೆರವಿನಿಂದ ಬೇರೆ ರಾಜ್ಯಗಳಲ್ಲಿ ನಡೆದ ಪ್ರಯೋಗವೊಂದು ಮೂರು ಮೆಟ್ಟಿಲಿನ ತರಬೇತಿಯನ್ನು ತೋರಿಸಿಕೊಟ್ಟಿತು: ಎಲ್ಲ ಶಿಕ್ಷಕರಿಗೂ ಒಂದು ವಾರ, ಕೆಲವರಿಗೆ ಆರು ವಾರ, ಆಯ್ದವರಿಗೆ ಒಂದು ವರ್ಷ. ಆಮೇಲೆ ಬಂದ ಯೋಜನೆಗಳು ಬಹುಪಾಲು ಮೊದಲ ಮೆಟ್ಟಿಲಲ್ಲೇ ಕೂತವು.

ಡಿಪಿಇಪಿಯ ದೊಡ್ಡ ಕೆಲಸ ಕಟ್ಟಡವಲ್ಲ, ಬಿಆರ್‌ಸಿ ಮತ್ತು ಸಿಆರ್‌ಸಿ ಎಂಬ ಸಂಪನ್ಮೂಲ ಕೇಂದ್ರಗಳು. ತರಬೇತಿಗಾಗಿ ಜಿಲ್ಲಾ ಕೇಂದ್ರದ ಡಯಟ್ ತರಬೇತಿ ಸಂಸ್ಥೆಗೇ ಹೋಗಬೇಕಿದ್ದ ಶಿಕ್ಷಕರಿಗೆ ತಾಲ್ಲೂಕಿನಲ್ಲೇ, ಹೋಬಳಿಯಲ್ಲೇ ಕೂತು ಮಾತಾಡುವ ಜಾಗ ಸಿಕ್ಕಿತು. 1997ರಲ್ಲಿ ಸಮನ್ವಯ ಶಿಕ್ಷಣವೂ ಈ ಯೋಜನೆಯೊಳಗೆ ಸೇರಿತು. ಅಲ್ಲಿಯತನಕ ಇಂಥ ಮಗು ವೈದ್ಯರ ಪಾಲಿನದೆಂದೋ ಮೈಸೂರಿನ ಹಾಸ್ಟೆಲಿನ ಪಾಲಿನದೆಂದೋ ತಿಳಿದಿದ್ದ ಮೇಷ್ಟ್ರಿಗೆ ಅದು ತನ್ನ ಹಾಜರಿ ಪುಸ್ತಕದ ಮಗು ಎಂದು ಇಲಾಖೆಯೇ ಹೇಳಿದ್ದು ಆಗ.

2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂತು. ಯಾವ ಮಗುವನ್ನೂ ಶಾಲೆ ನಿರಾಕರಿಸುವಂತಿಲ್ಲ ಎಂಬುದು ಅದರ ನಿಯಮ. ಅದರ ಜೊತೆ ಕನ್ನಡ ಶಾಲೆಗಳ ನಿತ್ಯದ ಮಾತಿಗೆ ಬಿಐಇಆರ್‌ಟಿ ಎಂಬ ಹೆಸರು ಸೇರಿತು. ಇವರು ಬಿಆರ್‌ಸಿಯಲ್ಲಿದ್ದು ಇಡೀ ತಾಲ್ಲೂಕು ಸುತ್ತುವ ಸಂಪನ್ಮೂಲ ಶಿಕ್ಷಕರು. ಸಾಮಾನ್ಯ ಶಿಕ್ಷಕರಾಗಿದ್ದು ತರಬೇತಿ ಪಡೆದು ಈ ಹೊಣೆ ಹೊತ್ತವರೂ ಇದ್ದಾರೆ. ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳನ್ನು ಕರೆತರುವುದು, ಶ್ರವಣಸಾಧನ, ಕ್ಯಾಲಿಪರ್, ಗಾಲಿಕುರ್ಚಿ ಕೊಡಿಸುವುದು, ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಗೃಹಾಧಾರಿತ ಶಿಕ್ಷಣ ನಡೆಸುವುದು, ತಾಯಿಗೆ ಮಗುವನ್ನು ಕೂರಿಸುವ, ಉಣ್ಣಿಸುವ ಬಗೆ ಹೇಳಿಕೊಡುವುದು ಎಲ್ಲ ಇವರದೇ. ಈ ಸುತ್ತಾಟ ಎಲ್ಲೆಡೆ ಒಂದೇ ಅಲ್ಲ: ಮದ್ದೂರಿನಲ್ಲಿ ಹೆದ್ದಾರಿ, ರೈಲು ಎರಡೂ ಇವೆ. ಮಳವಳ್ಳಿ ತಾಲ್ಲೂಕಿನ ಹಲಗೂರಿನಾಚೆಯ ಕಾಡಂಚಿಗೆ ಹೋಗಿಬರಲು ಒಂದು ದಿನವೇ ಬೇಕು. ಈ ಕ್ಷೇತ್ರದಲ್ಲಿ ಕನ್ನಡದಲ್ಲಿ ಹುಟ್ಟಿದ ನಿಜವಾದ ಅನುಭವ ಜ್ಞಾನವಿರುವುದು ಈ ತಿರುಗಾಟದಲ್ಲಿ, ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಲ್ಲ. ಅದನ್ನು ಬರೆದಿಡುವ ಗೋಜಿಗೆ ಮಾತ್ರ ಇಲಾಖೆ ಹೋದಂತಿಲ್ಲ. ಬಿಐಇಆರ್‌ಟಿಯನ್ನು ಅಂಕಿಅಂಶ ತುಂಬಲು ಕೂರಿಸಿಕೊಳ್ಳುವುದು ಕಚೇರಿಗಳಿಗೆ ಸಲೀಸು.

ಸಾಮಾನ್ಯ ಶಿಕ್ಷಕರು ಇಂಥ ಮಕ್ಕಳಿಗೆ ತಯಾರಾಗದ ತೊಡಕಿನ ಬೇರು ಕಾನೂನಿನಲ್ಲೇ ಇದೆ. ವಿಶೇಷ ಶಿಕ್ಷಕರ ತರಬೇತಿ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಗೆ ಸೇರಿದರೆ, ಉಳಿದೆಲ್ಲ ಶಿಕ್ಷಕರ ತರಬೇತಿ 1993ರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ಕಾಯ್ದೆಗೆ ಸೇರಿತು. ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿದ ಎರಡು ಸಂಸ್ಥೆಗಳು ಒಂದೇ ಮಗುವನ್ನು ಹಂಚಿಕೊಂಡವು. ಬ್ರೈಲ್, ಸಂಜ್ಞಾ ಭಾಷೆ ಒಂದು ಕಡೆ. ಗಣಿತ, ಕನ್ನಡ ಕಲಿಸುವ ಬಗೆ ಇನ್ನೊಂದು ಕಡೆ. 2014ರ ಎನ್‌ಸಿಟಿಇ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿ, ಸಮನ್ವಯ ಶಾಲೆಯ ಬಗ್ಗೆ ಒಂದು ಪತ್ರಿಕೆಯನ್ನೂ ಸೇರಿಸಿದವು. ಪ್ರಶಿಕ್ಷಣಾರ್ಥಿಗಳು ಅಂಗವಿಕಲತೆಯ ವಿಧಗಳನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ ವಿಧಗಳನ್ನು 21ಕ್ಕೆ ಏರಿಸಿದ್ದರಿಂದ ಬಾಯಿಪಾಠವೂ ಉದ್ದವಾಗಿದೆ.

ವಿಚಿತ್ರವೆಂದರೆ, ಸಮನ್ವಯ ತರಗತಿಗೆ ಬೇಕಾದ ಕೌಶಲ ಪಕ್ಕದ ಮೈಸೂರು ಜಿಲ್ಲೆಯಲ್ಲೇ ಹುಟ್ಟಿತ್ತು. ರಿಷಿವ್ಯಾಲಿ ಶಾಲೆಯ ಮಾದರಿ ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ನಲಿ-ಕಲಿ ಬೋಧನಾ ಪದ್ಧತಿ ಆರಂಭಿಸಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಕಲಿಕಾ ಏಣಿ, ತಟ್ಟೆಗಳು, ಸಹಪಾಠಿಯ ನೆರವು, ಪ್ರತಿ ಮಗುವಿಗೆ ಅದರದೇ ವೇಗ: ಬೌದ್ಧಿಕ ವೈಕಲ್ಯವುಳ್ಳ ಮಗುವಿಗೆ ವಿದೇಶಿ ಪುಸ್ತಕಗಳು ಸೂಚಿಸುವುದೂ ಬಹುಪಾಲು ಇದನ್ನೇ. ಆದರೂ ನಲಿ-ಕಲಿ ತರಬೇತಿ ಒಂದು ಕೋಣೆಯಲ್ಲಿ, ಸಮನ್ವಯ ಶಿಕ್ಷಣದ ತರಬೇತಿ ಇನ್ನೊಂದು ಕೋಣೆಯಲ್ಲಿ ನಡೆಯುತ್ತ ಬಂದವು. 2018ರ ಸಮಗ್ರ ಶಿಕ್ಷಣದಲ್ಲಿ ಯೋಜನೆಗಳು ಒಂದಾದವು, ಕೋಣೆಗಳು ಆಗಲಿಲ್ಲ. ಮರುವರ್ಷದ ನಿಷ್ಠಾ ಶಿಕ್ಷಕ ತರಬೇತಿ, ಆಮೇಲಿನ ದೀಕ್ಷಾ ಆನ್‌ಲೈನ್ ಕೋರ್ಸುಗಳಿಂದ ಪ್ರಮಾಣಪತ್ರಗಳಂತೂ ಹೆಚ್ಚಿವೆ.

ಇನ್ನು ವಿಶೇಷ ಶಿಕ್ಷಕರ ಸಂಖ್ಯೆ: ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಹತ್ತು ಅಂಗವಿಕಲ ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು.

ಹುದ್ದೆ ತುಂಬಿದರೂ ಸಾಮಾನ್ಯ ಶಿಕ್ಷಕರ ತಯಾರಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಅಂಗವಿಕಲ ಶಿಕ್ಷಕರನ್ನೂ ಬ್ರೈಲ್, ಸಂಜ್ಞಾ ಭಾಷೆ ಬಲ್ಲವರನ್ನೂ ನೇಮಿಸಬೇಕೆಂದು 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ತರಬೇತಿಗಳಲ್ಲಿ ಇದರ ಚರ್ಚೆ ಅಪರೂಪ. ಆದರೆ ಈ ತಯಾರಿಗೆ ದಾರಿ ಹತ್ತಿರದಲ್ಲೇ ಇದೆ: ವಾಕ್ ಶ್ರವಣ ಸಂಸ್ಥೆಯ ಸೇವಾ ಕೇಂದ್ರ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿದೆ, ಮೂಲ ಸಂಸ್ಥೆ ಮಂಡ್ಯದಿಂದ ಒಂದು ಗಂಟೆಯ ದಾರಿ. ಬಿ.ಇಡಿ.ಯಲ್ಲಿ ಶಾಲಾನುಭವಕ್ಕೆ 20 ವಾರಗಳಿವೆ. ಅದರಲ್ಲಿ ಒಂದು ವಾರವನ್ನು ಬಿಐಇಆರ್‌ಟಿಯ ಜೊತೆ ಮನೆಭೇಟಿಗೆ, ಇನ್ನೊಂದನ್ನು ಅಕ್ಕಿಹೆಬ್ಬಾಳಿನಂಥ ಕೇಂದ್ರಕ್ಕೆ ಮೀಸಲಿಡಲು ಹೊಸ ಕಾಯ್ದೆ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.