ವ್ಯವಹಾರದಲ್ಲಿ ಮಾಹಿತಿ ವ್ಯವಸ್ಥೆ: ಚರಿತ್ರೆ

ಸರಕು, ಹಣ, ಕೆಲಸಗಾರರ ಲೆಕ್ಕವನ್ನು ದಾಖಲಿಸಿ, ಹೊಂದಿಸಿ, ತೀರ್ಮಾನ ಕೈಗೊಳ್ಳುವವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಏರ್ಪಾಟಿಗೆ ವ್ಯವಹಾರದ ಮಾಹಿತಿ ವ್ಯವಸ್ಥೆ ಎಂದು ಹೆಸರು. ಯಂತ್ರ, ತಂತ್ರಾಂಶ, ದತ್ತಾಂಶ, ಕೆಲಸದ ಕ್ರಮ, ಅದನ್ನು ನಡೆಸುವ ಜನ ಇವು ಅದರ ಅಂಗಗಳು. ಕಂಪ್ಯೂಟರ್ ಇಲ್ಲದೆಯೂ ಇಂಥ ವ್ಯವಸ್ಥೆ ಇರಬಲ್ಲದು. ಇಂದಿನ ಬಳಕೆಯಲ್ಲಿ ಮಾತ್ರ ಈ ಹೆಸರು ಹೆಚ್ಚಾಗಿ ಕಂಪ್ಯೂಟರನ್ನು ನೆಚ್ಚಿದ ಏರ್ಪಾಟಿಗೇ ಸಲ್ಲುತ್ತದೆ.

ಕಂಪ್ಯೂಟರಿಗೆ ಮುನ್ನ

ಮೈಸೂರು ಸೀಮೆಯ ವರ್ತಕರು ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಅದನ್ನು ಮಡಿಕೆ ಪುಸ್ತಕ ಮಾಡಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ, ಕಚೇರಿಯ ಫೈಲಿಗೆ ಈಗಲೂ ಆ ಹೆಸರೇ ಉಳಿದಿದೆ. ಇಟಲಿಯ ವರ್ತಕರಲ್ಲಿ ರೂಢಿಯಲ್ಲಿದ್ದ ದ್ವಿನಮೂದು ಪದ್ಧತಿಯನ್ನು ಲೂಕಾ ಪಾಚೋಲಿ 1494ರಲ್ಲಿ ಅಚ್ಚಿನಲ್ಲಿ ವಿವರಿಸಿದ. ಅಮೆರಿಕದ 1890ರ ಜನಗಣತಿಗೆ ಬಳಕೆಯಾದ ಹರ್ಮನ್ ಹಾಲರಿತ್‌ನ ತೂತು ಕಾರ್ಡಿನ ಯಂತ್ರಗಳು ಬಳಿಕ ರೈಲ್ವೆ ಮತ್ತು ವಿಮಾ ಕಂಪನಿಗಳ ಕಚೇರಿ ಸೇರಿದವು.

‘ಮೊದಲನೆಯದು’ ಯಾವುದು?

ಮೊದಲ ವಾಣಿಜ್ಯ ಕಂಪ್ಯೂಟರ್ ಯಾವುದೆಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳು ಸಿಗುತ್ತವೆ. ಗೊಂದಲದ ಮೂಲ ‘ವಾಣಿಜ್ಯ’ ಎಂಬ ಪದದಲ್ಲೇ ಇದೆ. ಮಾರಾಟಕ್ಕೆಂದು ತಯಾರಾದ ಯಂತ್ರವೂ ವಾಣಿಜ್ಯ ಕಂಪ್ಯೂಟರೇ, ವ್ಯಾಪಾರದ ಲೆಕ್ಕ ಮಾಡುವ ಯಂತ್ರವೂ ವಾಣಿಜ್ಯ ಕಂಪ್ಯೂಟರೇ. ಫೆರಾಂಟಿ ಮಾರ್ಕ್ 1 ಯಂತ್ರ 1951ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂತು. ಮಾರ್ಚ್‌ನಲ್ಲಿ ಯೂನಿವ್ಯಾಕ್ ಅಮೆರಿಕದ ಜನಗಣತಿ ಇಲಾಖೆಯ ಪಾಲಾಯಿತು. ಎರಡೂ ಮಾರಾಟದ ಸರಕು; ಆದರೆ ಕೊಂಡವರಿಬ್ಬರೂ ವ್ಯಾಪಾರಿಗಳಲ್ಲ. ವ್ಯಾಪಾರದ ದಿನನಿತ್ಯದ ಲೆಕ್ಕಕ್ಕೆ ಕೂತ ಮೊದಲ ಯಂತ್ರ ಲಂಡನ್ನಿನ ಜೆ. ಲಯನ್ಸ್ ಕಂಪನಿ ತನಗಾಗಿಯೇ ಕಟ್ಟಿಕೊಂಡ ‘ಲಿಯೋ’.

ಲಯನ್ಸ್ ಚಹಾ, ಕೇಕು ಮಾರುತ್ತಿದ್ದ, ಊರೂರಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕಂಪನಿ. ಒಂದೊಂದು ಬಿಲ್ಲಿನ ಮೊತ್ತ ಚಿಕ್ಕದು, ಬಿಲ್ಲುಗಳು ಅಸಂಖ್ಯ. ಗುಮಾಸ್ತರ ಖರ್ಚು ಲಾಭವನ್ನು ತಿನ್ನುತ್ತಿತ್ತು. 1947ರಲ್ಲಿ ಅದರ ಇಬ್ಬರು ಅಧಿಕಾರಿಗಳಾದ ರೇಮಂಡ್ ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಕಚೇರಿ ಪದ್ಧತಿ ನೋಡಿಬರಲು ಅಮೆರಿಕಕ್ಕೆ ಹೋದರು. ಕೇಂಬ್ರಿಜ್‌ನಲ್ಲೇ ಕಂಪ್ಯೂಟರ್ ತಯಾರಾಗುತ್ತಿದೆ ಎಂದು ಅವರಿಗೆ ತಿಳಿದದ್ದು ಪ್ರಿನ್ಸ್‌ಟನ್‌ನಲ್ಲಿ, ಹರ್ಮನ್ ಗೋಲ್ಡ್‌ಸ್ಟೈನ್ ಅವರಿಂದ. ಲಯನ್ಸ್ ಕೇಂಬ್ರಿಜ್‌ಗೆ ಹಣವನ್ನೂ ಒಬ್ಬ ಸಹಾಯಕನನ್ನೂ ಕೊಟ್ಟಿತು. ಅಲ್ಲಿನ ಮಾರಿಸ್ ವಿಲ್ಕ್ಸ್ ಅವರ ಕಂಪ್ಯೂಟರ್ ಎಡ್ಸ್ಯಾಕ್ 1949ರ ಮೇ 6ರಂದು ಓಡಿದ ಬಳಿಕ, ಅದರ ಮಾದರಿಯಲ್ಲಿ ಜಾನ್ ಪಿಂಕರ್ಟನ್ ಲಿಯೋ ಕಟ್ಟಿದರು. ಅದರಲ್ಲಿ ಸುಮಾರು 6,000 ವಾಲ್ವ್‌ಗಳಿದ್ದವು. ನೆನಪಿನ ಕೋಶ ಪಾದರಸದ ಕೊಳವೆಗಳದು.

ತಾರೀಖಿನಲ್ಲೂ ಏಕಮತವಿಲ್ಲ. ಬೇಕರಿ ಉತ್ಪನ್ನಗಳ ಬೆಲೆ ಕಟ್ಟುವ ಲೆಕ್ಕ 1951ರ ಸೆಪ್ಟೆಂಬರ್ 5ರಂದು ಲಿಯೋದಲ್ಲಿ ಪರೀಕ್ಷೆಗಾಗಿ ನಡೆಯಿತು. ಆ ಕೆಲಸವನ್ನು ಯಂತ್ರ ಪೂರ್ತಿಯಾಗಿ ವಹಿಸಿಕೊಂಡದ್ದು ನವೆಂಬರ್ ಕೊನೆಯಲ್ಲಿ. ಪರೀಕ್ಷೆಯನ್ನು ಎಣಿಸುವವರು ಮೊದಲ ತಾರೀಖನ್ನು, ರೂಢಿಯನ್ನು ಎಣಿಸುವವರು ಎರಡನೆಯದನ್ನು ಹಿಡಿಯುತ್ತಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಲಿಯೋವೇ ಮುಂಚಿನದು: ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಲೂಯಿವಿಲ್‌ನಲ್ಲಿ ಯೂನಿವ್ಯಾಕ್‌ನಿಂದ ಸಂಬಳದ ಲೆಕ್ಕ ಮಾಡಿಸಿದ್ದು 1954ರಲ್ಲಿ. ಅದು ಅಮೆರಿಕದ ಮಟ್ಟಿಗೆ ಮೊದಲು, ಜಗತ್ತಿಗಲ್ಲ.

ಚಹಾದಂಗಡಿಗಳ ಬೇಡಿಕೆ

ಯಂತ್ರ ಮೊದಲು ಬಂದ ದಿನಕ್ಕಿಂತ 1954ರ ಚಹಾದಂಗಡಿಗಳ ಏರ್ಪಾಟು ಈ ಚರಿತ್ರೆಯಲ್ಲಿ ದೊಡ್ಡ ತಿರುವು. ಸಂಬಳದ ಲೆಕ್ಕದಲ್ಲಿ ಯಂತ್ರ ಗುಮಾಸ್ತನ ಕೆಲಸವನ್ನೇ ವೇಗವಾಗಿ ಮಾಡಿತು. ಚಹಾದಂಗಡಿಗಳ ವಿಷಯದಲ್ಲಿ ಲಯನ್ಸ್‌ನ ಡೇವಿಡ್ ಕಮೀನರ್ ಅವರ ತಂಡ ಕೆಲಸದ ಕ್ರಮವನ್ನೇ ಬದಲಿಸಿತು. ಪ್ರತಿ ಅಂಗಡಿಯ ವಾಡಿಕೆಯ ಬೇಡಿಕೆ ಕಾರ್ಡುಗಳಲ್ಲಿ ಸಿದ್ಧವಿರುತ್ತಿತ್ತು. ಅಂಗಡಿ ನೋಡಿಕೊಳ್ಳುವಾಕೆ ಫೋನಿನಲ್ಲಿ ಹೆಚ್ಚುಕಡಿಮೆಯನ್ನಷ್ಟೇ ಹೇಳಬೇಕು. ಕೇಳುತ್ತಲೇ ಗುಮಾಸ್ತೆ ಅದನ್ನು ಕಾರ್ಡಿಗಿಳಿಸುತ್ತಿದ್ದಳು. ತಯಾರಿಕೆ, ಪ್ಯಾಕಿಂಗ್, ಸಾಗಣೆಯ ಪಟ್ಟಿಗಳೆಲ್ಲ ಆ ಒಂದೇ ದಾಖಲೆಯಿಂದ ಹುಟ್ಟಿದವು. ಒಮ್ಮೆ ನಮೂದಿಸಿದ ಅಂಕಿಯನ್ನು ಎಲ್ಲ ವಿಭಾಗಗಳೂ ಬಳಸುವುದು ಎಂಬ ಮೂಲಸೂತ್ರ ಇಲ್ಲಿ ಆಗಲೇ ಕಾಣುತ್ತದೆ. ಲಿಯೋ 1 1965ರವರೆಗೆ ದುಡಿಯಿತು.

ನಂತರದ ಹಂತಗಳು

ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್, 1960ರ ದಶಕದಲ್ಲಿ ಟಿಕೆಟ್ ಕಾಯ್ದಿರಿಸುವಿಕೆಯನ್ನು ತಕ್ಷಣದ ಕೆಲಸವಾಗಿಸಿತು. ಅದೇ ಕಾಲದಲ್ಲಿ ಆಡಳಿತ ಮಾಹಿತಿ ವ್ಯವಸ್ಥೆಯ ಬಗ್ಗೆ ಎದ್ದ ಉತ್ಸಾಹವನ್ನು ರಸೆಲ್ ಆಕಾಫ್ 1967ರ ಲೇಖನದಲ್ಲಿ ಪ್ರಶ್ನಿಸಿದರು: ಅಧಿಕಾರಿಗಳನ್ನು ಕಾಡುವುದು ಮಾಹಿತಿಯ ಕೊರತೆಗಿಂತ ಬೇಡದ ಮಾಹಿತಿಯ ರಾಶಿ. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಜರ್ಮನಿಯಲ್ಲಿ ಎಸ್‌ಎಪಿ ಆರಂಭಿಸಿದರು. ಖಾತೆ, ದಾಸ್ತಾನು, ಉತ್ಪಾದನೆಗಳನ್ನು ಒಂದೇ ದತ್ತಸಂಚಯಕ್ಕೆ ಕಟ್ಟುವ ತಂತ್ರಾಂಶ ಹಾಗೆ ಹರಡಿತು.

ಭಾರತದಲ್ಲಿ

1960ರ ದಶಕದಲ್ಲಿ ಜೀವ ವಿಮಾ ನಿಗಮ ಕಲ್ಕತ್ತೆಯ ಕಚೇರಿಗೆ ಕಂಪ್ಯೂಟರ್ ತರಲು ಹೊರಟಾಗ ಉದ್ಯೋಗ ನಷ್ಟದ ಭಯದಿಂದ ನೌಕರರು ತಡೆದರು. ಬ್ಯಾಂಕುಗಳಲ್ಲಿ ದಾರಿ ತೆರೆದದ್ದು ಸಿ. ರಂಗರಾಜನ್ ಸಮಿತಿಯ 1984ರ ವರದಿ. ಮುಂದೆ ಕೋರ್ ಬ್ಯಾಂಕಿಂಗ್ ಬಂದು, ಒಂದು ಶಾಖೆಯ ಗ್ರಾಹಕ ಇಡೀ ಬ್ಯಾಂಕಿನ ಗ್ರಾಹಕನಾದ. ಅದಕ್ಕೆ ಬಳಕೆಯಾದ ತಂತ್ರಾಂಶಗಳಲ್ಲಿ ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್ ಒಂದು. ಜಿಎಸ್‌ಟಿಯ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟಿನ ಸಂಸ್ಥೆಗಳಿಗೆ ಕಡ್ಡಾಯವಾಯಿತು. 2023ರ ಆಗಸ್ಟ್‌ಗೆ ಆ ಮಿತಿ 5 ಕೋಟಿಗೆ ಇಳಿಯಿತು. ಈ ಸಂಸ್ಥೆಗಳು ಇತರ ವ್ಯಾಪಾರಿಗಳಿಗೆ ಬರೆಯುವ ಬಿಲ್ಲು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಪಡೆದ ಮೇಲೆಯೇ ಸಿಂಧು.