ಉತಾರದಲ್ಲಿ ಹೆಸರಿಲ್ಲದವರು

ಸದಲಗಾದ ನಮ್ಮ ಮನೆಯಿಂದ ದೂಧಗಂಗಾ ಹೊಳೆಗೆ ಹತ್ತು ನಿಮಿಷದ ದಾರಿ. ಅವ್ವ ಬಟ್ಟೆಯ ಬುಟ್ಟಿ ಹೊತ್ತು ಹೊರಟರೆ ಹಿಂದೆಯೇ ನಾನು. ನಾನಿನ್ನೂ ಸಣ್ಣ ಹುಡುಗಿಯಾಗಿದ್ದಾಗ ಒಂದು ಬೇಸಿಗೆ ನೀರು ಕಂದಾಗಿ, ಮೀನುಗಳು ಸತ್ತು ತೇಲಿದವು. ಮೇಲೆಲ್ಲೋ ಹೊಲಸು ಬಿಟ್ಟಿದ್ದಾರೆ ಎಂದರು. ಬಿಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅವ್ವ ನಾಲ್ಕು ದಿನ ಬಾವಿ ಇದ್ದವರ ಬಾಗಿಲಲ್ಲಿ ಕೊಡ ಹಿಡಿದು ನಿಂತಳು. ಐದನೆಯ ದಿನ, "ಇದಕ್ಕ ಕೋರ್ಟಿಗೇ ಹೋಗಬೇಕು" ಅಂದಳು. ಕಾಗದಪತ್ರ ಬಲ್ಲ ನಮ್ಮ ಕಾಕಾ ನಕ್ಕರು. "ವೈನಿ, ದಂಡಿ ಮ್ಯಾಲಿನ ಹೊಲದ ಉತಾರದಾಗ ನಿಮ್ಮ ಹೆಸರೈತೇನ್ರಿ? ನಿಮ್ಮದೇನು ಹಾಳಾತು ಅಂತ ಬರೀತೀರಿ?"

ಕಾಕಾ ಚೇಷ್ಟೆ ಮಾಡಿದರೆಂದು ಬಹಳ ವರ್ಷ ಅಂದುಕೊಂಡಿದ್ದೆ. ಆದರೆ ಇಂಗ್ಲಿಷರಿಂದ ಬಂದ ಕಾನೂನೇ ಹಾಗಿತ್ತು. ಹೊಳೆ ಕೆಟ್ಟರೆ ದಾವೆ ಹೂಡುವ ಹಕ್ಕು ಮುಖ್ಯವಾಗಿ ದಂಡೆಯ ಜಮೀನಿನವನದು. ಊರಿಗೆಲ್ಲ ಆದ ಉಪದ್ರವವೆಂದು ಹೋಗಬೇಕಾದರೆ 1976ರವರೆಗೂ ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಬೇಕಿತ್ತು. 1974ರಲ್ಲಿ ಜಲಮಾಲಿನ್ಯದ ಕಾಯ್ದೆ ಬಂತು. ಅದರಲ್ಲೂ ಕೋರ್ಟಿನಲ್ಲಿ ದೂರು ಕೊಡಬೇಕಾದವರು ಮಂಡಳಿಯವರು, ಇಲ್ಲವೆ ಮಂಡಳಿಯ ಅನುಮತಿ ಪಡೆದವರು. ಹೊಳೆಯ ನೀರು ಹೊರುವವರು ಹೆಂಗಸರು, ಹೊಲದ ಉತಾರ ಗಂಡಸರ ಹೆಸರಿಗೆ. ಹೀಗಿರುವಾಗ ಅವ್ವನಂಥವರು ಯಾವ ಬಾಗಿಲು ತಟ್ಟಬೇಕು?

1981ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ತಾನೇ ಬರಲಾರದ ಬಡವರ ಪರವಾಗಿ ಸದುದ್ದೇಶದ ಯಾರಾದರೂ ಬರಬಹುದು ಎಂದರು. ನಮ್ಮ ಸೀಮೆಯಲ್ಲಿ ಇದರ ಬೆಲೆ ಅರಿತವರು ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು. ತುಂಗಭದ್ರೆಯ ಮಾಲಿನ್ಯದ ವಿರುದ್ಧ ನಿಂತಿದ್ದ ಇವರು, ಹಳ್ಳಿಗಳ ಗೋಮಾಳವನ್ನು ನೀಲಗಿರಿ ಬೆಳೆಯಲು ಕೊಟ್ಟದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋದರು. ಎಸ್.ಆರ್. ಹಿರೇಮಠರ ಜೊತೆ ಶಿವರಾಮ ಕಾರಂತರೂ ಅರ್ಜಿದಾರರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದೇ ಅದಕ್ಕೆ ಹೆಸರಾಯಿತು. ಸೌದೆ, ಮೇವಿಗೆ ಅಲೆಯುವುದು ಯಾರ ಪಾಲಿನ ಕೆಲಸವೆಂದು ನಿಮಗೆ ನಾನು ಹೇಳಬೇಕಿಲ್ಲ.

ಕಾಕಾನ ಪ್ರಶ್ನೆಗೆ ನೇರ ಉತ್ತರ ಬಂದದ್ದು 1988ರ ಜನವರಿಯಲ್ಲಿ, ಕಾನಪುರದ ಗಂಗೆಯ ಮೊಕದ್ದಮೆಯಲ್ಲಿ. ಅರ್ಜಿದಾರ ಎಂ.ಸಿ. ಮೆಹ್ತಾ ದಿಲ್ಲಿಯ ವಕೀಲರು, ಗಂಗೆಯ ದಂಡೆಯ ಜಮೀನುದಾರರಲ್ಲ. ಆದರೂ ಆ ನೀರು ಬಳಸುವ ಜನರ ಜೀವದ ಕಾಳಜಿಯಿಂದ ಬಂದಿದ್ದಾರೆ, ಅವರ ಅರ್ಜಿ ನಿಲ್ಲುತ್ತದೆ ಎಂದು ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು. ಓದಿದಾಗ ಕಾಕಾ ಇರಬೇಕಿತ್ತು ಅನ್ನಿಸಿತು.

ಅದೇ ವರ್ಷ ಜಲಮಾಲಿನ್ಯದ ಕಾಯ್ದೆಯನ್ನೂ ತಿದ್ದಿದರು. 60 ದಿನ ಮೊದಲು ನೋಟೀಸು ಕೊಟ್ಟರೆ ಯಾರು ಬೇಕಾದರೂ ದೂರು ಹೂಡಬಹುದೆಂದಾಯಿತು. 2010ರ ಹಸಿರು ನ್ಯಾಯಮಂಡಳಿಯ ಕಾಯ್ದೆಯಂತೂ ಸಂಘಸಂಸ್ಥೆಗಳೂ ಅರ್ಜಿ ಹಾಕಬಹುದೆಂದು ಸ್ಪಷ್ಟವಾಗಿಯೇ ಬರೆದಿದೆ.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಉತಾರ ಬೇಡವೆಂದದ್ದು ಅವಳಿಗೆ ಸೇರಿತು. ನೋಟೀಸಿನ ಮಾತಿಗೆ ಬಂದಾಗ ಮಾತ್ರ ಹಸನು ಮಾಡುತ್ತಿದ್ದ ಜೋಳದ ಮರ ಕೆಳಗಿಟ್ಟು ಕೇಳಿದಳು: "ಆ ಅರವತ್ತು ದಿವಸ ಯಾವ ನೀರು ಕುಡೀಬೇಕಂತ?"