ಜಗಲಿಯ ಮಾತು ಮತ್ತು ಸಭೆಯ ಚರಿತ್ರೆ: ಗುಬ್ಬಿ–ತಿಪಟೂರು ತೆಂಗಿನ ಸೀಮೆಯನ್ನು ಕುರಿತು

ಮೈಸೂರು ಸಂಸ್ಥಾನದಲ್ಲಿ ನಡೆದ ಸುವಾರ್ತಾಸೇವೆಯ ಚರಿತ್ರೆಯನ್ನು ಓದುವಾಗ ಠಾಣೆಗಳ ಹೆಸರು, ಬೋಧಕರು ಬಂದ ವರ್ಷ, ಮರಳಿದ ವರ್ಷ, ತೆರೆದ ಶಾಲೆಗಳು, ದೀಕ್ಷಾಸ್ನಾನ ಹೊಂದಿದವರ ಸಂಖ್ಯೆ ಇವೆಲ್ಲ ನಮಗೆ ಧಾರಾಳವಾಗಿ ದೊರೆಯುತ್ತವೆ. ಸಂತೆಯಲ್ಲಿ ಬೋಧನೆಯನ್ನು ಕೇಳಿ ಮನೆಗೆ ಮರಳಿದ ರೈತನು ಅಂದು ಸಂಜೆ ಜಗಲಿಯಲ್ಲಿ ಕುಳಿತು ನೆರೆಯವನೊಡನೆ ಏನು ಮಾತಾಡಿದನೆಂಬುದು ಮಾತ್ರ ದೊರೆಯುವುದಿಲ್ಲ. ಬೋಧಕನ ಮಾತು ಬೇರೂರಿದ್ದೂ ಒಣಗಿದ್ದೂ ಬಹುಮಟ್ಟಿಗೆ ಆ ಜಗಲಿಯಲ್ಲಿಯೇ. ಹಾಗೆಂದು ಆ ಮಾತಿನ ಕುರುಹು ನಮ್ಮ ದಾಖಲೆಗಳಲ್ಲಿ ಇಲ್ಲವೇ ಇಲ್ಲವೆನ್ನಲಾಗದು. ಅದು ಅಡ್ಡಿಯ ರೂಪದಲ್ಲಿ ಉಳಿದಿದೆ. ಬರೆದವರೂ ಓದಿದವರೂ ಅದನ್ನು ಅಡ್ಡಿಯೆಂದೇ ತಿಳಿದು ದಾಟಿ ಹೋಗಿದ್ದಾರೆ ಎಂಬುದು ನಮ್ಮ ವಾದ.

ಮೊದಲು ಆ ಮಾತಿನ ಸ್ವರೂಪವನ್ನು ನೋಡೋಣ. ತಿಪಟೂರು ತಾಲ್ಲೂಕಿನ ಬಿಳಿಗೆರೆಯಂಥ ಊರಿನಲ್ಲಿ ಬೆಳಗಿನ ಹೊತ್ತು ಟೀ ಅಂಗಡಿಯ ಮುಂದೆ ನಿಂತವರು ಕೇಳುವ ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ. “ಏನಣ್ಣಾ, ಹೆಂಗೈತೆ?” “ಏನೈತೆ ಬಿಡಪ್ಪಾ, ಹರಳೆಲ್ಲಾ ಉದುರಿ ಹೋಗ್ತಾವೆ.” “ಅಟ್ಟದಾಗೆ ಏನಾನ ಐತಾ?” “ಐತೆ, ಸ್ವಲ್ಪ.” ಹೊರಗಿನವನ ಕಿವಿಗೆ ಇದರಲ್ಲಿ ಏನೂ ನಡೆದಂತೆ ತೋರದು. ಆದರೆ ಈ ಸೀಮೆಯ ಬದುಕು ಆ ‘ಸ್ವಲ್ಪ’ ಎಂಬ ಮಾತಿನಲ್ಲಿ ಅಡಗಿದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಕಿತ್ತು, ಸುಲಿಯದೆ, ಮಟ್ಟೆಯ ಸಮೇತ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ, ಹರಡಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಸದ್ದು ಮಾಡುವ ಹಂತಕ್ಕೆ ಬಂದ ಮೇಲೆಯೇ ಸುಲಿದು, ಚಿಪ್ಪೊಡೆದು ಇಡಿಯ ಉಂಡೆಯನ್ನು ತೆಗೆಯುವುದು. ಆದ್ದರಿಂದ ರೈತನ ವರ್ಷದ ಆದಾಯವು ಬ್ಯಾಂಕಿನಲ್ಲಿರದೆ ಅವನು ಮಲಗುವ ಕೋಣೆಯ ಮೇಲಿರುತ್ತದೆ. ಅಟ್ಟದಲ್ಲಿ ಎಷ್ಟಿದೆ ಎಂದು ಕೇಳುವುದು ಸಾಲ ತೀರಿಸುವ ಶಕ್ತಿ ಎಷ್ಟು, ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ, ದರ ಏರುವ ತನಕ ಕಾಯಬಲ್ಲಿರಾ ಎಂದು ಕೇಳಿದಂತೆ. ಹೀಗಾಗಿ ಇದನ್ನು ನೇರವಾಗಿ ಕೇಳುವವರೂ ನೇರವಾಗಿ ಹೇಳುವವರೂ ವಿರಳ. ಮಾತು ಮಳೆಯಿಂದ ಆರಂಭವಾಗಿ, ಹರಳು ಉದುರುವುದಕ್ಕೆ, ಅಲ್ಲಿಂದ ಯಾರದೋ ತೋಟದ ಬೋರ್‌ವೆಲ್ಲಿಗೆ ಸುತ್ತಿಕೊಂಡು ಬಂದು, ಕೊನೆಗೆ ಮುಖ್ಯ ವಿಷಯವನ್ನು ಬದಿಯಿಂದ ಮುಟ್ಟುತ್ತದೆ.

ಕಾಲವನ್ನು ಎಣಿಸುವ ಕ್ರಮವೂ ಇಲ್ಲಿ ಬೇರೆ. ಇಸವಿಗಿಂತ ಮಳೆನಕ್ಷತ್ರ ಮುಖ್ಯ: ಭರಣಿ ಹುಯ್ಯಿತೇ, ರೋಹಿಣಿ ಕೈಕೊಟ್ಟಿತೇ, ಹೆಸರು ಕೈಗೆ ಬಂತೇ, ರಾಗಿಗೆ ಹದವಾಯಿತೇ. ದೂರದ ಕಾಲವನ್ನು ಹೇಳಬೇಕಾದರೆ ಆಪತ್ತುಗಳೇ ಗುರುತು. ‘ನುಸಿ ಬಂದ ವರ್ಷ’ ಎಂದರೆ 1990ರ ದಶಕದ ಕೊನೆ. ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದೂ ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಾರು ರೂಪಾಯಿ ಕುಸಿದ 2023 ಕೂಡ ಇಂಥ ಗುರುತಾಗಿ ನಿಲ್ಲುವುದರಲ್ಲಿ ಸಂದೇಹವಿಲ್ಲ. ಕಣದಲ್ಲಿ ರಾಗಿಯನ್ನು ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ಹಳೆಯ ರೂಢಿಯೂ ಇದೇ ಮಾತಿನ ಲೋಕಕ್ಕೆ ಸೇರಿದ್ದು. ಅಲ್ಲಿ ಲೆಕ್ಕವು ಹಾರೈಕೆಯಿಂದ ಆರಂಭವಾಗುತ್ತದೆ.

ಈ ಮಾತಿನ ಲೋಕಕ್ಕೆ ಹೊರಗಿನಿಂದ ಬಂದು ಪ್ರಶ್ನೆ ಕೇಳಿದವರಲ್ಲಿ ಫ್ರಾನ್ಸಿಸ್ ಬುಕಾನನ್ ಮೊದಲಿಗರಲ್ಲೊಬ್ಬ. ಟೀಪೂವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಆತ ಈ ಭಾಗವನ್ನೂ ಸುತ್ತಿದನು. ಮಣ್ಣು, ಬಿತ್ತನೆ, ಇಳುವರಿ, ಕಂದಾಯ ಇವು ಅವನ ವಿಷಯಗಳು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಗ್ರಂಥ ಇಂದಿಗೂ ಅಮೂಲ್ಯವೇ. ಆದರೆ ಅದರಲ್ಲಿರುವುದು ಉತ್ತರಗಳು, ಮಾತಲ್ಲ. ಸರ್ಕಾರದ ಮನುಷ್ಯನೊಬ್ಬನು ದುಭಾಷಿಯ ಮೂಲಕ ‘ಎಷ್ಟು ಬೆಳೆಯುತ್ತೀರಿ’ ಎಂದು ಕೇಳಿದರೆ ರೈತನು ಏನು ಹೇಳಿಯಾನೆಂಬುದನ್ನು ಅಟ್ಟದ ವಿಷಯ ಬಲ್ಲವರು ಊಹಿಸಬಹುದು.

ಅವನ ತರುವಾಯ, 1830ರ ದಶಕದ ಕೊನೆಯಲ್ಲಿ, ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನ್ನಿನವರು ನೆಲೆಸಿದರು. ಥಾಮಸ್ ಹಾಡ್ಸನ್ನರ ಹೆಸರು ಈ ಠಾಣೆಯೊಡನೆ ಬೆಸೆದುಕೊಂಡಿದೆ. 1839ರಲ್ಲಿ ಅವರ ಜೊತೆಗೂಡಲು ಬಂದವರು ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ತರುಣ. ಆತ ಇಂಗ್ಲಿಷಿನವನಲ್ಲ, ಐರ್ಲೆಂಡಿನವನು. ಹುಟ್ಟಿದ್ದು 1819ರಲ್ಲಿ ಆಂಟ್ರಿಮ್ ಸೀಮೆಯಲ್ಲಿ, ಬೆಳೆದದ್ದು ಪಶ್ಚಿಮದ ಮೇಯೋ ಸೀಮೆಯಲ್ಲಿ. ಆಲೂಗೆಡ್ಡೆಯನ್ನೇ ನಂಬಿ, ಜಮೀನ್ದಾರನ ಗೇಣಿಗೆ ಹೆದರಿ ಬದುಕುತ್ತಿದ್ದ, ಐರಿಷ್ ಭಾಷೆಯನ್ನಾಡುವ ಬಡ ರೈತರ ನಾಡು ಅದು. ಆರೋಗ್ಯ ಕೆಟ್ಟು 1841ರಲ್ಲಿ ಆರ್ಥರ್ ಮರಳಬೇಕಾಯಿತು. ಗುಬ್ಬಿಯಲ್ಲಿದ್ದುದು ಅಲ್ಪಕಾಲವಾದರೂ ಮೈಸೂರಿನ ಸೇವೆಯನ್ನು ಕುರಿತ ಅವರ ಪುಸ್ತಕ 1847ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಬಹಳ ಓದಿಸಿಕೊಂಡಿತು. ಬೀದಿಯಲ್ಲಿ, ಹಳ್ಳಿಯಲ್ಲಿ ನಡೆದ ಸಂವಾದಗಳಿಗೆ ಅದರಲ್ಲಿ ಸಾಕಷ್ಟು ಸ್ಥಳವಿದೆ. ಮುಂದೆ ಅವರು ಪವಿತ್ರಾತ್ಮನನ್ನು ಕುರಿತು 1856ರಲ್ಲಿ ಬರೆದ ಗ್ರಂಥವನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು.

ಈ 1847 ಎಂಬ ವರ್ಷದ ಬಳಿ ನಾವು ತುಸು ನಿಲ್ಲಬೇಕು. ಐರ್ಲೆಂಡಿನ ಮಹಾಕ್ಷಾಮ 1845ರಿಂದ 1852ರ ವರೆಗೆ ನಡೆಯಿತು; ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ನಾಡು ಬಿಟ್ಟರು. ಐರಿಷ್ ಜನರು ‘ಕರಾಳ ನಲವತ್ತೇಳು’ ಎಂದು ಕರೆಯುವುದು ಇದೇ ವರ್ಷವನ್ನು. ಅತ್ಯಂತ ಹೆಚ್ಚು ನಲುಗಿದ ಸೀಮೆಗಳಲ್ಲೊಂದು ಮೇಯೋ. ಗುಬ್ಬಿಯ ಹಳ್ಳಿಗರ ಬದುಕನ್ನು ವರ್ಣಿಸಿದ ಪುಸ್ತಕ ಲಂಡನ್ನಿನಲ್ಲಿ ಹೊರಬಂದಾಗ, ಅದನ್ನು ಬರೆದವನ ಸ್ವಂತ ಸೀಮೆಯ ಹಳ್ಳಿಗರು ದಾರಿಯ ಬದಿಯಲ್ಲಿ ಬಿದ್ದು ಸಾಯುತ್ತಿದ್ದರು.

ಮೂವತ್ತು ವರ್ಷಗಳ ತರುವಾಯ, 1877ರಲ್ಲಿ, ಹಾಡ್ಸನ್ ಗುಬ್ಬಿ ವಲಯದ ದಾನಿಯೇಲನೆಂಬ ವೃದ್ಧ ವಿಶ್ವಾಸಿಯ ಜೀವನಚರಿತ್ರೆಯನ್ನು ಪ್ರಕಟಿಸಿದರು. ಹಳ್ಳಿಯ ಜೀವನದ ವರ್ಣನೆ ಎಂಬ ಮಾತು ಆ ಪುಸ್ತಕದ ಶೀರ್ಷಿಕೆಯಲ್ಲೇ ಇದೆ. ಆ ವರ್ಷವೂ ಎಂಥದು! ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರಕ್ಕೆ ಹಬ್ಬಿದ, ನಮ್ಮ ಹಿರಿಯರು ‘ಧಾತು ಈಶ್ವರ’ದ ಬರ ಎಂದೇ ಹೇಳುತ್ತಿದ್ದ ಮಹಾಕ್ಷಾಮದ ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಈ ಬರದ ತರುವಾಯವೇ ಮಿಶನ್ನಿನ ಅನಾಥಾಶ್ರಮಗಳು ತುಂಬಿದವು. ಸಭೆಯ ಪಟ್ಟಿಗಳಲ್ಲಿ ತಂದೆಯ ಹೆಸರಿಲ್ಲದ ಮಕ್ಕಳ ಹೆಸರುಗಳು ಬಂದವು.

ಎರಡು ಪುಸ್ತಕಗಳು ಎರಡು ಬರಗಳ ನಡುವೆ ಅಚ್ಚಾದದ್ದು ಕಾಕತಾಳೀಯವೇ ಸರಿ. ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ನಮ್ಮ ಉದ್ದೇಶವಲ್ಲ. ಬರದ ತರುವಾಯ ಉಳಿದವರ ಮಾತಿಗೆ ಎರಡೂ ನಾಡುಗಳಲ್ಲಿ ಏನಾಯಿತು ಎಂಬುದು ನಮ್ಮ ಪ್ರಶ್ನೆ. ಐರ್ಲೆಂಡಿನಲ್ಲಿ 1935ರಲ್ಲಿ ಜಾನಪದ ಆಯೋಗವೊಂದು ರಚಿತವಾಯಿತು. 1937ರಿಂದ 1939ರ ವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರನ್ನೂ ನೆರೆಯವರನ್ನೂ ಕೇಳಿ ಬರೆದುಕೊಂಡು ಬಂದರು: ಹವಾಮಾನದ ಗುರುತು, ಸಂತೆ, ಮನೆಮದ್ದು, ಹಸಿವಿನ ಕಾಲ. 1945ರಲ್ಲಿ, ಕ್ಷಾಮ ಆರಂಭವಾಗಿ ನೂರು ವರ್ಷ ತುಂಬಿದಾಗ, ಅದೇ ಆಯೋಗ ಕ್ಷಾಮವನ್ನೇ ಕುರಿತ ಪ್ರಶ್ನಾವಳಿಯನ್ನು ಊರೂರಿಗೆ ಕಳುಹಿಸಿತು. ಕಾನ್ರಾಡ್ ಆರೆನ್ಸ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸನು 1930ರ ದಶಕದಲ್ಲಿ ಕ್ಲೇರ್ ಸೀಮೆಯ ಹಳ್ಳಿಗಳಲ್ಲಿದ್ದು, ರಾತ್ರಿ ಹೊತ್ತು ಮುದುಕರು ಒಬ್ಬನ ಮನೆಯ ಬೆಂಕಿಯ ಸುತ್ತ ಸೇರಿ ಹರಟುವುದನ್ನು ಗಮನಿಸಿದನು. ಅಲ್ಲಿ ಒಬ್ಬನು ನ್ಯಾಯಾಧೀಶನಂತೆ ಕೊನೆಯ ಮಾತು ಹೇಳುವವನು; ಇನ್ನೊಬ್ಬನು ವಿಷಯವನ್ನು ಎಳೆದು ತರುವವನು; ಮತ್ತೊಬ್ಬನು ಎಲ್ಲರನ್ನೂ ಅಡ್ಡಪ್ರಶ್ನೆಗೆ ಗುರಿಮಾಡುವವನು. ಬಿತ್ತನೆಯ ದಿನ, ಬೆಲೆ, ಯಾರ ಮಗನಿಗೆ ಯಾವ ಮನೆಯ ಹೆಣ್ಣು, ಎಲ್ಲವೂ ಅಲ್ಲಿ ತೂಗಲ್ಪಡುತ್ತಿತ್ತು. 1937ರಲ್ಲಿ ಬಂದ ಅವನ ಪುಸ್ತಕದ ಆ ಭಾಗವನ್ನು ಓದುವಾಗ ನಮಗೆ ಬಿಳಿಗೆರೆಯ ಕಟ್ಟೆ ನೆನಪಾಗದೆ ಇರಲಿಲ್ಲ. ಅಡ್ಡಪ್ರಶ್ನೆಯವನು ಇಲ್ಲಿಯೂ ಇದ್ದಾನೆ. ಪ್ರತಿ ಊರಿನಲ್ಲೂ ಇದ್ದಾನೆ.

ನಮ್ಮಲ್ಲಿ ಜಾನಪದ ವಿದ್ವಾಂಸರು ಹಾಡು, ಕಥೆ, ಕಾವ್ಯಗಳನ್ನು ಬಹು ಶ್ರಮದಿಂದ ಸಂಗ್ರಹಿಸಿದ್ದಾರೆ. ಗಾದೆಗಳ ವಿಷಯದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರ ಋಣವೂ ಇದೆ. 1894ರ ಕಿಟ್ಟೆಲರ ನಿಘಂಟಿನಲ್ಲಿ ಪದದ ಅರ್ಥಕ್ಕೆ ಸಾಕ್ಷಿಯಾಗಿ ಗಾದೆಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಹಾಡೂ ಅಲ್ಲದ ಗಾದೆಯೂ ಅಲ್ಲದ ಹರಟೆಗೆ ಬೆಲೆ ಕಟ್ಟಿದವರು ಕಡಿಮೆ.

ಈಗ ಅಡ್ಡಿಯ ವಿಷಯಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಬೋಧಕರ ವರದಿಗಳಲ್ಲಿ ಕೇಳುಗರ ಕೆಲವು ಪ್ರಶ್ನೆಗಳು ಪದೇ ಪದೇ ಬರುತ್ತವೆ. ನಿಮ್ಮ ಜೊತೆ ಸೇರಿದರೆ ನಮಗೆ ಅನ್ನ ಹಾಕುವವರು ಯಾರು? ಹೆಣ್ಣು ಕೊಡುವವರು ಯಾರು? ಮಳೆ ಬರಿಸುವಿರಾ? ಬೋಧಕರು ಇವನ್ನು ಲೌಕಿಕ ಬುದ್ಧಿಯ, ಆತ್ಮದ ಚಿಂತೆಯಿಲ್ಲದ ಪ್ರಶ್ನೆಗಳೆಂದು ನೊಂದು ಬರೆದಿರುತ್ತಾರೆ. ಸಂತೆಯಲ್ಲಿ ತರ್ಕಕ್ಕೆ ನಿಂತ ಪಂಡಿತನಿಗೂ ವರ್ತಕನಿಗೂ ಅವರು ಪುಟಗಟ್ಟಲೆ ಉತ್ತರ ಕೊಡುತ್ತಾರೆ. ರೈತನ ಈ ಪ್ರಶ್ನೆಗೆ ಒಂದು ಸಾಲು. ಆದರೆ ರೈತನು ಅಂದು ಕೇಳಿದ್ದು ಜಗಲಿಯ ಮೇಲೆ ದಿನವೂ ಕೇಳುವ ಪ್ರಶ್ನೆಯನ್ನೇ. ಸಾಲ ಕೊಡುವವರು, ಬಾವಿಗೆ ಬಿಡುವವರು, ಹೆಣ ಹೊರುವವರು ಯಾರು ಎಂಬುದು ತೀರ್ಮಾನವಾಗದೆ ತೆಂಗಿನ ಸೀಮೆಯಲ್ಲಿ ಯಾವ ಮಾತೂ ಮುಂದೆ ಹೋಗುವುದಿಲ್ಲ. ಬೋಧಕನನ್ನು ಅವನು ತಡೆಯಲಿಲ್ಲ, ತನ್ನ ಮಾತಿನೊಳಗೆ ಕರೆದನು ಎಂದು ಓದಲು ಸಾಧ್ಯವಿದೆ. ಮುನ್ಷಿಗಳ ಬಳಿ ಗ್ರಾಂಥಿಕ ಕನ್ನಡವನ್ನು ಕಲಿತು ಬಂದವರಿಗೆ ಆ ಕರೆ ಕೇಳಿಸಲಿಲ್ಲವೆಂದರೆ ಅದು ಬರಿಯ ಅವರ ದೋಷವೂ ಅಲ್ಲ.

ಸತ್ಯವೇದದ ಅಭ್ಯಾಸಿಗಳಿಗೆ ಇದು ಹೊಸದಾಗಿ ಕಾಣಬಾರದು. ತಂದೆಗಳು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುವುದೆಂಬುದು ಇಸ್ರಾಯೇಲಿನ ಬೀದಿಯ ಮಾತು. ಯೆರೆಮೀಯನೂ ಯೆಹೆಜ್ಕೇಲನೂ ಅದನ್ನು ಕೇಳಿಸಿಕೊಂಡರು, ಎತ್ತಿಕೊಂಡರು, ಅದರೊಡನೆ ವಾದಿಸಿದರು. ಪ್ರವಾದನೆ ಅಲ್ಲಿ ಹರಟೆಗೆ ಉತ್ತರವಾಗಿ ಹುಟ್ಟಿತು. ರೂತಳ ಗ್ರಂಥ ಬರದಿಂದ ಆರಂಭವಾಗುತ್ತದೆ. ಅದರ ಎರಡನೆಯ ಅಧ್ಯಾಯದಲ್ಲಿ ಬೋವಜನು ಕೊಯ್ಯುವವರನ್ನು ದೇವರ ಹೆಸರಿನಲ್ಲಿ ವಂದಿಸುತ್ತಾನೆ, ಅವರೂ ಹಾಗೆಯೇ ಮರುವಂದಿಸುತ್ತಾರೆ. ಐರಿಷ್ ಭಾಷೆಯ ರೈತರು ಹೊಲದಲ್ಲಿ ದುಡಿಯುವವರನ್ನು ದಾಟಿ ಹೋಗುವಾಗ ಕೆಲಸದ ಮೇಲೆ ದೇವರ ಆಶೀರ್ವಾದವಿರಲಿ ಎನ್ನುವ ವಾಡಿಕೆಯುಂಟು. ನಮ್ಮ ಕಣದ ‘ಲಾಭ’ವೂ ಇದಕ್ಕೆ ದೂರದ್ದಲ್ಲ.

ಆದರೆ ಬೋವಜನ ಹೊಲವನ್ನು ನೋಡುವಾಗ ಇನ್ನೊಂದನ್ನೂ ಗಮನಿಸಬೇಕು. ರೂತಳು ಆ ವಂದನೆಯ ವಲಯದ ಹೊರಗಿದ್ದಳು. ಅವಳು ಯಾರ ಕಡೆಯವಳೆಂದು ಬೋವಜನು ಅವಳನ್ನು ಕೇಳಲಿಲ್ಲ, ಮೇಸ್ತ್ರಿಯನ್ನು ಕೇಳಿದನು. ನಾವು ‘ಊರಿನ ಮಾತು’ ಎಂದು ಸಲೀಸಾಗಿ ಹೇಳುವುದು ಸಾಮಾನ್ಯವಾಗಿ ಜಗಲಿಯ ಮೇಲೆ ಕುಳಿತವರ ಮಾತು. ಮರ ಹತ್ತಿದವರು, ಕಾಯಿ ಸುಲಿದವರು, ಕಳೆ ಕಿತ್ತ ಹೆಂಗಸರು ಕೇಳಿಸಿಕೊಂಡದ್ದು ಅಂಗಳದಲ್ಲಿ ನಿಂತು. ‘ಯಾವ ಕಡೆಯೋರು?’ ಎಂಬ ಸಾಮಾನ್ಯ ಪ್ರಶ್ನೆಯ ಅರ್ಥ ಊರಿನ ಹೆಸರನ್ನು ಹೇಳಿದೊಡನೆ ತೀರುವುದಿಲ್ಲವೆಂದು ಈ ಸೀಮೆಯ ಎಲ್ಲರೂ ಬಲ್ಲರು. ಸಭೆಗೆ ಬಂದವರು ಹೆಚ್ಚಾಗಿ ಅಂಗಳದ ಕಡೆಯಿಂದ, ಬರದ ಮಕ್ಕಳ ಆಶ್ರಮದಿಂದ. ಅವರು ಜಗಲಿಯ ಮಾತನ್ನು ಬಲ್ಲವರು, ಆದರೆ ಅದರಲ್ಲಿ ಪಾಲಿಲ್ಲದವರು. ಸಭಾಪಾಲಕನು ಊರಿನ ರೈತರೊಡನೆ ಸಲಿಗೆಯಿಂದ ಟೀ ಕುಡಿದು ಬಂದ ಸಂಜೆ, ಅವನ ಸ್ವಂತ ಸಭೆಯವರಿಗೆ ಅದು ಹೇಗೆ ಕಂಡಿತೆಂಬುದನ್ನು ನಮ್ಮ ಪಾಠಪಟ್ಟಿಗಳು ಕೇಳುವುದಿಲ್ಲ. ಈ ಎರಡು ಮಾತುಗಳ ನಡುವಿನ ಬಿರುಕೇ ಈ ಸೀಮೆಯ ಸಭಾಚರಿತ್ರೆಯ ಮುಖ್ಯ ವಿಷಯವೆಂದು ನಾವು ತಿಳಿಯುತ್ತೇವೆ.

ಧಾತು ಬರವನ್ನು ಕಂಡವರು ಈಗಿಲ್ಲ. ಕಂಡವರಿಂದ ಕೇಳಿದವರಿಂದ ಕೇಳಿದವರು ತುಮಕೂರು, ಗುಬ್ಬಿಗಳ ಸುತ್ತಿನ ಹಳೆಯ ಮನೆಗಳಲ್ಲಿ ಇನ್ನೂ ಸಿಕ್ಕಾರು. 1945ರ ಐರಿಷ್ ಪ್ರಶ್ನಾವಳಿಯಂಥದಕ್ಕೆ ಕಾಯದೆ, ಗ್ರಾಮಸೇವೆಗೆಂದು ಈ ಕಡೆಗೆ ಬರುವ ನಮ್ಮ ವಿದ್ಯಾರ್ಥಿಗಳು ಆರಂಭಿಸಬಹುದು. ಒಂದು ಸಂಜೆಯ ಮಾತನ್ನು ಕೇಳಿ, ತಿದ್ದದೆ, ‘ಐತೆ’ಯನ್ನು ‘ಇದೆ’ ಮಾಡದೆ ಬರೆಯಲಿ. ಮೇಲೆ ತಾರೀಖು, ಮಳೆಯ ಹೆಸರು, ಅಂದಿನ ಕೊಬ್ಬರಿಯ ದರ ಇರಲಿ. ಕೆಳಗೆ, ಮಾತಾಡುವಾಗ ಯಾರು ಕುಳಿತಿದ್ದರು, ಯಾರು ನಿಂತಿದ್ದರು ಎಂಬುದನ್ನೂ ಬರೆಯಲಿ.